ಸೋರಿದ್ದು ಸನ್‌ರೂಫ್, ಬೈಸಿಕೊಂಡವನು ಬೇರೆ

"ಅಪ್ಪಾ, ನಮ್ಮ ಕಾರಲ್ಲಿ ಅಜ್ಜನ ಮನೆ ಅಟ್ಟದ ವಾಸನೆ ಬರ್ತಿದೆ!"

ಕಳೆದ ವರ್ಷ ಜುಲೈ ತಿಂಗಳ ಒಂದು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಹೊರಟಾಗ ಹಿಂದಿನ ಸೀಟಿನಿಂದ ಬಂದ ಮಾತಿದು. ಸಾಗರದ ಹತ್ತಿರ ನಮ್ಮದೊಂದು ಹಂಚಿನ ಮನೆ ಇದೆ. ಮಳೆಗಾಲದಲ್ಲಿ ಅದರ ಅಟ್ಟ ಹತ್ತಿದವರಿಗೆ ಆ ವಾಸನೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಹಳೆ ಗೋಣಿಚೀಲ, ಒಣಗದ ಕಂಬಳಿ, ಬೂಷ್ಟು ಹಿಡಿದ ಪುಸ್ತಕದ ಗಂಟು, ಎಲ್ಲ ಸೇರಿದ ಮುಗ್ಗಲು ವಾಸನೆ. ಅಟ್ಟದಲ್ಲಿ ಅದು ಊರಿನ ನೆನಪು. ಪುಣೆಯ ವಾಕಡ್‌ನಲ್ಲಿ, ಮೂರು ವರ್ಷವೂ ತುಂಬದ, ಕಂತು ಇನ್ನೂ ತೀರದ ಕಾರಿನಲ್ಲಿ ಅದೇ ವಾಸನೆ ಬಂದರೆ ಎದೆ ಧಸಕ್ಕೆನ್ನುತ್ತದೆ.

ನಾನು ಮೊದಲು ಮಾಡಿದ್ದು ಬಹುಶಃ ನೀವೂ ಮಾಡುವುದನ್ನೇ. ನಿಂಬೆ ಪರಿಮಳದ ಒಂದು ಪರ್ಫ್ಯೂಮ್ ಡಬ್ಬಿ ತಂದು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದೆ. ಎರಡು ದಿನ ನಿಂಬೆ ಗೆದ್ದಿತು. ಮೂರನೇ ದಿನ ನಿಂಬೆಯೂ ಅಟ್ಟವೂ ಸೇರಿ ಇನ್ನೂ ವಿಚಿತ್ರವಾದ ವಾಸನೆ ಶುರುವಾಯಿತು. ಆಗ ಮುಂದಿನ ಎಡಗಡೆ ಸೀಟಿನ ಕೆಳಗಿನ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿದೆ. ಅಡುಗೆಮನೆಯ ಸ್ಪಂಜ್ ಹಿಂಡಿದಂತೆ ಬೆರಳಿನ ಸಂದಿಯಲ್ಲಿ ನೀರು ಉಕ್ಕಿತು.

ಮೊದಲ ಆರೋಪಿ

ನಮ್ಮ ಸೊಸೈಟಿಯಲ್ಲಿ ಕಾರು ತೊಳೆಯಲು ಯಾದಗಿರಿ ಕಡೆಯ ಹುಡುಗನೊಬ್ಬ ಬರುತ್ತಾನೆ. ಬೆಳಿಗ್ಗೆ ಐದಕ್ಕೆ ಶುರು ಮಾಡಿದರೆ ಎಂಟರೊಳಗೆ ಮೂವತ್ತು ಕಾರು ಮುಗಿಸಬೇಕು. ಇಬ್ಬರೂ ಕನ್ನಡದವರು ಎಂಬ ಸಲುಗೆಯಿಂದ ನಾವು ದಿನಾ ನಾಲ್ಕು ಮಾತಾಡುತ್ತಿದ್ದೆವು. ವಾರಕ್ಕೊಮ್ಮೆ ಕಾರಿನ ಒಳಗೂ ಅವನೇ ಒರೆಸುತ್ತಿದ್ದ. ನನಗೆ ಅಷ್ಟು ಸಾಕಾಯಿತು.

"ಒಳಗೆ ನೀರು ಸುರಿದೆಯೇನೋ?" ಎಂದು ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ ಗದರಿದೆ ಎನ್ನುವುದೇ ಸರಿ.

"ನಾ ಒಳಗ ನೀರು ಹಾಕಂಗಿಲ್ಲ ಸರ. ಒದ್ದಿ ಅರಿವಿಲೆ ಒರಸ್ತೀನಿ ಅಷ್ಟ," ಅಂದ.

ನಾನು ನಂಬಲಿಲ್ಲ. ಅವನನ್ನು ಬಿಡಿಸಿದ್ದಷ್ಟೇ ಅಲ್ಲ, ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒದ್ದೆ ಕಾರ್ಪೆಟ್ಟಿನ ಫೋಟೋ ಹಾಕಿ "ಕ್ಲೀನರ್ ಬಗ್ಗೆ ಎಚ್ಚರವಾಗಿರಿ" ಎಂದು ಬರೆದೆ. ಅದೇ ವಾರ ಇನ್ನೂ ಎರಡು ಮನೆಯವರು ಅವನನ್ನು ಬಿಡಿಸಿದರು. ಒಂದು ಕಾರಿಗೆ ತಿಂಗಳಿಗೆ 600 ರೂಪಾಯಿ. ಮೂರು ಕಾರಿನ ಲೆಕ್ಕ ನೀವೇ ಹಾಕಿ.

ಅವನು ಹೋದ ಮೇಲೆ ಕಾರ್ಪೆಟ್ ಒಣಗಬೇಕಿತ್ತಲ್ಲ? ಒಣಗಲಿಲ್ಲ. ಎರಡು ವಾರದ ನಂತರ ಇನ್ನಷ್ಟು ಒದ್ದೆಯಾಗಿತ್ತು. ಬೆಳಿಗ್ಗೆ ಎಲ್ಲ ಗಾಜುಗಳ ಒಳಗಡೆ ಮಂಜು ಕಟ್ಟುತ್ತಿತ್ತು. ತಿರುವಿನಲ್ಲಿ ತಲೆಯ ಮೇಲೆಲ್ಲೋ ಬಿಂದಿಗೆಯಲ್ಲಿ ನೀರು ತುಳುಕಿದಂತೆ ಶಬ್ದ. ಆಫೀಸಿನಲ್ಲಿ ಯಾವುದೇ ದೋಷ ಬಂದರೂ "ಮೊದಲು ಲಾಗ್ ನೋಡಿ, ಆಮೇಲೆ ಮಾತಾಡಿ" ಎಂದು ಹುಡುಗರಿಗೆ ಪಾಠ ಹೇಳುವ ನಾನು ಇಲ್ಲಿ ಏನನ್ನೂ ನೋಡದೆ ತೀರ್ಪು ಕೊಟ್ಟುಬಿಟ್ಟಿದ್ದೆ. ಅದು ಹೊಳೆದರೂ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ.

ಸರ್ವಿಸ್ ಸೆಂಟರಿನವರು ಎಸಿ ಕಾಯಿಲ್ ತೊಳೆದು ಕಳಿಸಿದರು. ಮುಂದಿನ ಜೋರು ಮಳೆಗೆ ಮತ್ತೆ ಅದೇ ಕಥೆ. ಎರಡನೇ ಸಲ ಹೋದಾಗ "ಸನ್‌ರೂಫ್ ಸೀಲ್ ಹೋಗಿದೆ, ಪೂರ್ತಿ ಅಸೆಂಬ್ಲಿ ಬದಲಾಯಿಸಬೇಕು" ಎಂದು 34,000 ರೂಪಾಯಿಯ ಅಂದಾಜು ಕೈಗಿಟ್ಟರು. ರಸ್ತೆ ಬದಿಯ ಮೆಕ್ಯಾನಿಕ್ ಒಬ್ಬ 500 ರೂಪಾಯಿಗೆ ಗಾಜಿನ ಸುತ್ತ ಸಿಲಿಕಾನ್ ಬಳಿದು ಕೊಡುತ್ತೇನೆಂದ. ಒಂದು ಕಡೆ ಕಂತು, ಇನ್ನೊಂದು ಕಡೆ ಚೌತಿಗೆ ಊರಿಗೆ ಹೋಗುವ ಖರ್ಚು. ಸಿಲಿಕಾನ್‌ಗೆ ಹೂಂ ಅನ್ನುವುದರಲ್ಲಿದ್ದೆ. ಅವನಿಗೆ ಬಿಡುವಿರಲಿಲ್ಲ, ನಾನು ಬಚಾವಾದೆ.

ಅಂಗಳದಲ್ಲಿ ಒಂದು ತಂಬಿಗೆ ನೀರು

ಚೌತಿಗೆ ಊರಿಗೆ ಹೊರಟೆವು. ಕೊಲ್ಹಾಪುರ ದಾಟುವಾಗ ಮೀಟರಿನ ಮೇಲೆ ಏರ್‌ಬ್ಯಾಗ್‌ನ ಎಚ್ಚರಿಕೆ ದೀಪ ಹತ್ತಿಕೊಂಡಿತು, ಆರಲೇ ಇಲ್ಲ. ಆ ದೀಪ ಉರಿಯುತ್ತಿದ್ದರೆ ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದೆ ಇರಬಹುದು. ಹಿಂದೆ ಮಗಳು ನಿದ್ದೆ ಮಾಡುತ್ತಿದ್ದಳು, ಪಕ್ಕದಲ್ಲಿ ಹೆಂಡತಿ. ಅಲ್ಲಿಯವರೆಗೆ ಬರೀ ವಾಸನೆಯ ತಾಪತ್ರಯ ಅಂದುಕೊಂಡಿದ್ದು ಆ ಗಳಿಗೆಯಿಂದ ಬೇರೆಯೇ ಆಯಿತು. ಉಳಿದ ದಾರಿ ಪೂರ್ತಿ ಎಡ ಲೇನ್ ಬಿಟ್ಟು ಕದಲಲಿಲ್ಲ.

ಮನೆಗೆ ತಲುಪಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಕಾರು ಓಡಿಸಿದವರಲ್ಲ. ಆದರೆ ಐವತ್ತು ಮಳೆಗಾಲ ಹಂಚಿನ ಮಾಡು ಕಾಯ್ದವರು. ಎಲ್ಲ ಕೇಳಿ, "ಅಲ್ಲ ಮಾರಾಯ, ನೀರು ಬಿದ್ದ ಜಾಗದ ಮೇಲೇ ಹಂಚು ಒಡೆದಿರಬೇಕು ಅಂತ ಉಂಟಾ? ಎಲ್ಲೋ ಇಳಿದ ನೀರು ರೀಪಿನ ಮೇಲೆ ಹರಿದು ಇನ್ನೆಲ್ಲೋ ತೊಟ್ಟಿಕ್ಕತ್ತೆ. ನೀರು ಎತ್ಲಾಗಿ ಹೋಗಬೇಕಿತ್ತು, ಅದನ್ನ ಮೊದಲು ನೋಡು," ಅಂದರು.

ನೀರು ಎಲ್ಲಿಂದ ಬರುತ್ತಿದೆ ಎಂದು ಒಂದೂವರೆ ತಿಂಗಳಿಂದ ಹುಡುಕುತ್ತಿದ್ದೆ. ಅದು ಎಲ್ಲಿಗೆ ಹೋಗಬೇಕಿತ್ತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆ ರಾತ್ರಿ ಕಾರಿನ ಮ್ಯಾನುಯಲ್ ತೆರೆದು ಓದಿದೆ. ಸನ್‌ರೂಫ್ ಇರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಸಂಗತಿ ಇದು: ಸನ್‌ರೂಫಿನ ಗಾಜು ಡಬ್ಬಿಯ ಮುಚ್ಚಳದ ಹಾಗೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಸುತ್ತಲಿನ ರಬ್ಬರ್ ಬೀಡಿಂಗ್ ಗಾಳಿಯ ಸದ್ದನ್ನೂ ಬಹುಪಾಲು ನೀರನ್ನೂ ತಡೆಯುತ್ತದೆ. ಜೋರು ಮಳೆಯಲ್ಲಿ ಸ್ವಲ್ಪ ನೀರು ಒಳಗೆ ನುಸುಳಿಯೇ ನುಸುಳುತ್ತದೆ. ಅದಕ್ಕೆಂದೇ ಗಾಜಿನ ಕೆಳಗೆ ಸುತ್ತಲೂ ತಟ್ಟೆಯಂಥ ಒಂದು ಕಾಲುವೆ ಇರುತ್ತದೆ. ಸಾಮಾನ್ಯವಾಗಿ ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ರಂಧ್ರ, ಪ್ರತಿ ರಂಧ್ರಕ್ಕೂ ಬೆರಳಿಗಿಂತ ಸಣ್ಣ ಪೈಪು. ಮುಂದಿನ ಎರಡು ಪೈಪುಗಳು ಮುಂಗಾಜಿನ ಅಕ್ಕಪಕ್ಕದ ಕಂಬಗಳೊಳಗೆ ಇಳಿದು ಮುಂದಿನ ಬಾಗಿಲಿನ ಕೀಲಿನ ಬಳಿಯೋ ಚಕ್ರದ ಹಿಂದೆಯೋ ನೀರು ಬಿಡುತ್ತವೆ. ಹಿಂದಿನ ಎರಡು ಹಿಂಗಂಬಗಳೊಳಗೆ ಇಳಿದು ಹಿಂದಿನ ಚಕ್ರ ಅಥವಾ ಬಂಪರಿನ ಬಳಿ ಬಿಡುತ್ತವೆ. ಜಾಗ ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಬದಲಾದರೂ ಲೆಕ್ಕ ಇದೇ. ನಮ್ಮೂರ ಸೂರಿನಂಚಿಗೆ ಕಟ್ಟುವ ಅಡಿಕೆ ದಬ್ಬೆಯ ಹಾಗೆಯೇ. ಅದರಲ್ಲಿ ಕಸ ಕಟ್ಟಿದರೆ ನೀರು ಜಗಲಿಗೆ ಬರುತ್ತದೆ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಅಪ್ಪ ತಂಬಿಗೆ ತಂದರು. ಸನ್‌ರೂಫ್ ಪೂರ್ತಿ ತೆರೆದು ಕಾಲುವೆಯ ಒಂದೊಂದು ಮೂಲೆಗೂ ಸುಮಾರು ಅರ್ಧ ಲೀಟರ್ ನೀರನ್ನು ನಿಧಾನವಾಗಿ ಬಿಟ್ಟೆವು. ಹಿಂದಿನ ಎರಡು ಮೂಲೆಯ ನೀರು ಹಿಂದಿನ ಚಕ್ರಗಳ ಬಳಿ ಸರಾಗವಾಗಿ ಇಳಿಯಿತು. ಮುಂದೆ ಬಲಗಡೆಯದೂ ಇಳಿಯಿತು. ಮುಂದೆ ಎಡಗಡೆ ಸುರಿದದ್ದು ಮಾತ್ರ ಇಳಿಯಲೇ ಇಲ್ಲ. ಕಾಲುವೆಯಲ್ಲಿ ನಿಂತು, ಏರಿ, ಅಂಚು ದಾಟಿ ಮಾಡಿನ ಬಟ್ಟೆಯ ಹಿಂದೆ ಮಾಯವಾಯಿತು. ಒಂದೆರಡು ನಿಮಿಷದ ನಂತರ ಡ್ಯಾಶ್‌ಬೋರ್ಡಿನ ಕೆಳಗೆ, ಎಡ ಬದಿಯ ಕಾರ್ಪೆಟ್ ಮೇಲೆ, ತೊಟ್ ತೊಟ್ ಎಂದು ಬಿತ್ತು. ತಲೆಯ ಮೇಲಿನ ಕಾಯಿಲೆ, ಕಾಲಿನ ಬಳಿ ಲಕ್ಷಣ.

ಆ ಮೂಲೆಗೆ ಟಾರ್ಚ್ ಬಿಟ್ಟರೆ ಕಾಫಿ ಚರಟದಂಥ ಕಪ್ಪು ಕೆಸರು, ಅದರಲ್ಲಿ ಸಣ್ಣ ಸಣ್ಣ ಎಲೆ. ವಾಕಡ್‌ನಲ್ಲಿ ನನ್ನ ಪಾರ್ಕಿಂಗ್ ಜಾಗದ ಮೇಲೆ ಒಂದು ಗುಲ್‌ಮೊಹರ್ ಇದೆ, ನಮ್ಮೂರ ಕತ್ತಿಕಾಯಿ ಮರ. ಬೇಸಿಗೆಯಲ್ಲಿ ಅದರ ಕೆಂಪು ಹೂವು ಕಾರಿನ ಮೇಲೆ ಬಿದ್ದ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಅದರ ಎಲೆ, ಹೂವಿನ ಎಸಳು, ಪುಣೆಯ ಕಟ್ಟಡ ಕಾಮಗಾರಿಯ ಧೂಳು ಮೂರೂ ಸೇರಿ ಪೈಪಿನ ಬಾಯಿಗೆ ಬಿರಡೆ ಹಾಕಿದ್ದವು.

ನೀವೇ ಪತ್ತೆ ಹಚ್ಚುವುದು ಹೇಗೆ

ಕಾರಿನೊಳಗೆ ನೀರು ಬಂದರೆ ಅದು ಸನ್‌ರೂಫೇ ಆಗಿರಬೇಕೆಂದಿಲ್ಲ. ಎಲ್ಲಿ ಒದ್ದೆ, ಯಾವಾಗ ಒದ್ದೆ ಎಂದು ನಾಲ್ಕು ದಿನ ಬರೆದಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ.

ಮಳೆ ಇಲ್ಲದ ದಿನವೂ, ಎಸಿ ಓಡಿಸಿದ ಮೇಲೆ ಒದ್ದೆಯಾಗುತ್ತಿದ್ದರೆ ಎಸಿಯ ಡ್ರೈನ್ ಪೈಪ್ ಕಟ್ಟಿರಬಹುದು. ಎಸಿ ಓಡುವಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು. ಸೆಕೆಯ ದಿನದಲ್ಲೂ ತೊಟ್ಟಿಕ್ಕದಿದ್ದರೆ ಆ ನೀರು ಒಳಗೇ ಉಳಿಯುತ್ತಿದೆ ಎಂದರ್ಥ.

ಮಳೆಗೆ ಮುಂದಿನ ಕಾರ್ಪೆಟ್ ಒದ್ದೆಯಾದರೂ ಮಾಡಿನ ಬಟ್ಟೆಯಲ್ಲಿ, ಕಂಬದಲ್ಲಿ ಕಲೆ ಇಲ್ಲದಿದ್ದರೆ ವೈಪರ್‌ಗಳ ಕೆಳಗಿನ ಜಾಲರಿ ನೋಡಿ. ಅಲ್ಲಿ ಎಲೆ ಕಟ್ಟಿದರೆ ನೀರು ಗಾಳಿಯ ದಾರಿ ಹಿಡಿದು ಒಳಗೆ ಬರುತ್ತದೆ.

ಬಾಗಿಲ ಹೊಸ್ತಿಲಿನ ಪಕ್ಕದಲ್ಲಷ್ಟೇ ಒದ್ದೆ ಇದ್ದರೆ ಬಾಗಿಲಿನ ಬೀಡಿಂಗ್ ಅಥವಾ ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆ ಬಿಟ್ಟಿರಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿಯ ಗುಂಡಿಯಲ್ಲಿ ನೀರು ನಿಂತಿದ್ದರೆ ಹಿಂದಿನ ದೀಪದ ರಬ್ಬರ್, ಡಿಕ್ಕಿಯ ಬೀಡಿಂಗ್, ಸನ್‌ರೂಫಿನ ಹಿಂದಿನ ಪೈಪು ಈ ಮೂರನ್ನೂ ನೋಡಬೇಕು. ದ್ರವ ಅಂಟಂಟಾಗಿ, ಬಣ್ಣವಾಗಿ, ಸಿಹಿ ವಾಸನೆ ಬರುತ್ತಿದ್ದರೆ ಅದು ಎಂಜಿನ್ ಕೂಲಂಟ್. ಅದು ವಿಷ, ತಡ ಮಾಡದೆ ಗ್ಯಾರೇಜಿಗೆ ಒಯ್ಯಿರಿ.

ಮಾಡಿನ ಬಟ್ಟೆಯ ಅಂಚಿನಲ್ಲಿ ಕಂದು ಕಲೆ, ಮುಂಗಂಬದ ಬಳಿ ತೇವ, ಬ್ರೇಕ್ ಹಾಕಿದಾಗ ಓದುವ ದೀಪದಿಂದ ಹನಿ, ತಿರುವಿನಲ್ಲಿ ತಲೆಯ ಮೇಲೆ ತುಳುಕುವ ಸದ್ದು, ಇವು ಸನ್‌ರೂಫಿನ ಲಕ್ಷಣಗಳು. ಇಳಿಜಾರಿನಲ್ಲಿ ನಿಲ್ಲಿಸುವವರು ಇನ್ನೊಂದು ಗಮನಿಸಿ: ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ನೀರೆಲ್ಲ ಮುಂದಿನ ಪೈಪುಗಳಿಗೆ, ಮೇಲೆ ಮಾಡಿ ನಿಲ್ಲಿಸಿದರೆ ಹಿಂದಿನವಕ್ಕೆ.

ಆಮೇಲೆ ತಂಬಿಗೆ ಪರೀಕ್ಷೆ. ಒಂದು ಸಲಕ್ಕೆ ಒಂದೇ ಮೂಲೆ, ನಿಧಾನವಾಗಿ, ಕೆಳಗೆ ಒಬ್ಬರು ನೋಡುತ್ತಿರಬೇಕು. ನಾಲ್ಕೂ ಸರಾಗವಾಗಿ ಹೊರಬಂದೂ ಒಳಗೆ ಒದ್ದೆಯಾದರೆ ಪೈಪು ನಡುವೆ ಬಿರಿದಿರಬಹುದು, ಕೊಂಡಿ ಕಳಚಿರಬಹುದು ಅಥವಾ ನೀರು ಬರುವ ದಾರಿಯೇ ಬೇರೆ ಇರಬಹುದು. ಆಗ ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ, ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಭಾಗಕ್ಕೆ ನೀರು ಬಿಡುತ್ತಾ ಹೋಗಿ. ಒಳಗೆ ಕೂತವರು ಟಿಶ್ಯೂ ಕಾಗದ ಹಿಡಿದು ಕಾಯಲಿ. ಪ್ರೆಷರ್ ವಾಷರ್ ಬೇಡ, ಅದು ಸರಿಯಿರುವ ಬೀಡಿಂಗ್ ಮೂಲಕವೂ ನೀರು ನುಗ್ಗಿಸಿ ದಾರಿ ತಪ್ಪಿಸುತ್ತದೆ.

ತೆಗೆಯುವುದು, ತೆಗೆಯುವಾಗ ಕೆಡಿಸದಿರುವುದು

ಅಪ್ಪ ತೋಟದ ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರ ತಂದುಕೊಟ್ಟರು. ಸುಮಾರು 2 ಮಿಲಿಮೀಟರ್ ದಪ್ಪ. ಬಾಗುತ್ತದೆ, ಆದರೆ ಮುದುಡುವುದಿಲ್ಲ. ತುದಿಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡಿಕೊಂಡೆವು, ಪೈಪು ಗೀಚಬಾರದಲ್ಲ. ಮೊದಲು ಕೆಸರನ್ನು ಚಮಚದಲ್ಲೂ ಬಟ್ಟೆಯಲ್ಲೂ ಮೇಲಿಂದಲೇ ಎತ್ತಿದೆವು, ಕೆಳಗೆ ತಳ್ಳಲಿಲ್ಲ. ಆಮೇಲೆ ದಾರವನ್ನು ತಿರುಗಿಸುತ್ತಾ ಇಂಚಿಂಚೇ ಇಳಿಸಿ, ತೆಗೆದು, ಸ್ವಲ್ಪ ಉಗುರುಬೆಚ್ಚಗಿನ ನೀರು ಬಿಟ್ಟು, ಮತ್ತೆ ಇಳಿಸಿದೆವು. ಏಳೆಂಟು ಸಲವಾದ ಮೇಲೆ ಚಕ್ರದ ಹಿಂದೆ ಟೀ ಬಣ್ಣದ ನೀರು ಗಳಗಳ ಸುರಿಯಿತು. ನಾನು ಕಂಪನಿಯಲ್ಲಿ ದೊಡ್ಡ ದೊಡ್ಡ ಪ್ರಾಜೆಕ್ಟ್ ಲೈವ್ ಮಾಡಿದ್ದೇನೆ, ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಹೆಚ್ಚಿನವರು ತಪ್ಪುವುದು ಇಲ್ಲೇ. ಗ್ಯಾರೇಜಿನ ಕಂಪ್ರೆಸರ್ ಗಾಳಿ ಹೊಡೆಸಬೇಡಿ. ಒತ್ತಡಕ್ಕೆ ಪೈಪು ಕೊಂಡಿಯಿಂದ ಕಳಚಿದರೆ ಅದನ್ನು ಸಿಕ್ಕಿಸಲು ಮಾಡಿನ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ಗಟ್ಟಿ ತಂತಿ ತೂರಿಸಬೇಡಿ, ಪೈಪು ತೂತಾಗುತ್ತದೆ. ಪರದೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕಂಬದ ಹೊದಿಕೆಯನ್ನು ನೀವೇ ಕಳಚಲು ಹೋಗಬೇಡಿ. ಸಿಲಿಕಾನ್ ಅಂತೂ ಬೇಡವೇ ಬೇಡ. ಗಾಜಿನ ಸುತ್ತ ಬಳಿದರೆ ಸನ್‌ರೂಫ್ ತೆರೆಯುವುದಿಲ್ಲ, ಕಾಲುವೆಗೆ ಇಳಿದರೆ ಡ್ರೈನ್ ರಂಧ್ರವೇ ಮುಚ್ಚಿಹೋಗುತ್ತದೆ. ಸೋರುವ ಮನೆಯಲ್ಲಿ ನೀರು ಹೋಗುವ ದಾರಿಯನ್ನೇ ಮುಚ್ಚಿದ ಹಾಗೆ.

ವಾಸನೆ ಹೋಗಬೇಕಾದರೆ

ಸೋರಿಕೆ ನಿಂತರೆ ವಾಸನೆ ನಿಲ್ಲುವುದಿಲ್ಲ. ಎಸಿ ಹಾಕಿದ ಮೊದಲ ನಿಮಿಷ ಮಾತ್ರ ವಾಸನೆ ಬಂದು ಹೋದರೆ ಅದು ಹೆಚ್ಚಾಗಿ ಎಸಿ ಕಾಯಿಲ್‌ದು. ಇಳಿಯುವ ಕೆಲವು ನಿಮಿಷ ಮೊದಲು ಎಸಿ ಆರಿಸಿ ಬರೀ ಫ್ಯಾನ್ ಓಡಿಸುವ ಅಭ್ಯಾಸ, ಹೊಸ ಕ್ಯಾಬಿನ್ ಫಿಲ್ಟರ್ ಇಷ್ಟರಲ್ಲೇ ಕಡಿಮೆಯಾಗಬಹುದು. ಎಸಿ ಆರಿಸಿದರೂ ಇದ್ದು, ಬಿಸಿಲಲ್ಲಿ ಮುಚ್ಚಿಟ್ಟ ಕಾರಿನ ಬಾಗಿಲು ತೆರೆದಾಗ ಮುಖಕ್ಕೆ ರಾಚಿದರೆ ಅದು ಕಾರ್ಪೆಟ್ಟಿನದು.

ಕಾರ್ಪೆಟ್ ಕೆಳಗೆ ದಪ್ಪ ಫೋಮ್ ಇರುತ್ತದೆ. ಮೇಲ್ಭಾಗ ಒಣಗಿದ ಮೇಲೂ ಅದು ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹುಟ್ಟಲು ಶುರು. ಅಲರ್ಜಿ, ದಮ್ಮು ಇರುವವರಿಗೆ ಅದರ ಕಣಗಳು ತೊಂದರೆ ಕೊಡುತ್ತವೆ. ಪರ್ಫ್ಯೂಮ್ ಮೂಗಿಗೆ ಮೋಸ ಮಾಡುತ್ತದೆ, ಶ್ವಾಸಕೋಶಕ್ಕೆ ಅಲ್ಲ.

ಪುಣೆಗೆ ಮರಳಿ ಒಂದು ಸಣ್ಣ ಗ್ಯಾರೇಜಿನಲ್ಲಿ ಬ್ಯಾಟರಿ ಸಂಪರ್ಕ ತೆಗೆಸಿ, ಸೀಟು ಬಿಚ್ಚಿಸಿ, ಕಾರ್ಪೆಟ್ ಎತ್ತಿಸಿದೆ. ಕೆಳಗೆ ಎರಡು ಲೋಟದಷ್ಟು ನೀರು ನಿಂತಿತ್ತು. ಸೀಟಿನ ಕೆಳಗಿನ ಹಳದಿ ಬಣ್ಣದ ಕನೆಕ್ಟರ್ ಹಸಿರು ಕಿಲುಬು ಹಿಡಿದಿತ್ತು. ಏರ್‌ಬ್ಯಾಗ್‌ನ ಜೋಡಣೆಗಳಿಗೆ ಹಳದಿ ಬಣ್ಣ ಹಾಕುವುದು ವಾಡಿಕೆ. ಕೊಲ್ಹಾಪುರದ ಬಳಿ ಹತ್ತಿದ ದೀಪಕ್ಕೆ ಕಾರಣ ಅದೇ. ಅದನ್ನು ಬದಲಾಯಿಸಿ ಕೋಡ್ ಅಳಿಸಿದ ಮೇಲೆ ದೀಪ ಆರಿತು. ಈ ಕೆಲಸವನ್ನು ಮಾತ್ರ ನೀವೇ ಮಾಡಲು ಹೋಗಬೇಡಿ. ಮೂರು ದಿನ ಫ್ಯಾನ್ ಗಾಳಿ, ಸಿಕ್ಕಷ್ಟು ಬಿಸಿಲು, ಆಮೇಲೆ ಶಾಂಪೂ ವಾಷ್, ಮತ್ತೆ ಒಣಗಿಸುವಿಕೆ. ಒಟ್ಟು ಖರ್ಚು 4,200 ರೂಪಾಯಿ. ಅಸೆಂಬ್ಲಿ ಬದಲಾಯಿಸಿದ್ದರೆ 34,000 ಹೋಗುತ್ತಿತ್ತು, ಕೆಳಗೆ ಕಾರ್ಪೆಟ್ ಕೊಳೆಯುತ್ತಲೇ ಇರುತ್ತಿತ್ತು. ವಿಮೆಯನ್ನೂ ಹೆಚ್ಚು ನಂಬಬೇಡಿ. ಸವೆತ, ವಿದ್ಯುತ್ ಮತ್ತು ಯಾಂತ್ರಿಕ ಕೆಡುಕುಗಳಿಗೆ ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ರಕ್ಷಣೆ ಇರುವುದಿಲ್ಲ.

ಬಾಕಿ ಉಳಿದದ್ದು

ಕಾರು ಸರಿಯಾಯಿತು. ಒಂದು ಲೆಕ್ಕ ಉಳಿದಿತ್ತು.

ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಪಾರ್ಕಿಂಗಿಗೆ ಇಳಿದೆ. ಅವನು ಬೇರೆಯವರ ಕಾರು ಒರೆಸುತ್ತಿದ್ದ. ನಡೆದದ್ದೆಲ್ಲ ಹೇಳಿ, "ತಪ್ಪು ನಂದು ಮಾರಾಯ, ಸುಮ್ಮಸುಮ್ಮನೆ ನಿನ್ನ ಬೈದೆ," ಅಂದೆ.

ಅವನು ಬಟ್ಟೆ ಹಿಂಡುತ್ತಾ, "ಇರ್ಲಿ ಬಿಡ್ರಿ ಸರ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅವತ್ತೇ ನಂಗ ಅನಿಸಿತ್ತು, ನೀರು ಮ್ಯಾಲಿಂದ ಬರಾಕತ್ತದ ಅಂತ. ಒಳಗ ಮೂಲಿಯಾಗ ಅರಿವಿ ಮ್ಯಾಲ ಕಲಿ ಇತ್ತು. ಆದ್ರ ನೀವು ಕೇಳಲಿಲ್ಲಲ್ರೀ."

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ದಿನಾ ಆ ಕಾರನ್ನು ಮೈತುಂಬ ಮುಟ್ಟಿ ನೋಡುತ್ತಿದ್ದವನು ಅವನೊಬ್ಬನೇ. ಮೊದಲ ದಿನವೇ ಬೈಯುವ ಬದಲು ಕೇಳಿದ್ದರೆ ಇಡೀ ಮಳೆಗಾಲ ಉಳಿಯುತ್ತಿತ್ತು.

ಬೈದದ್ದು ಗುಂಪಿನಲ್ಲಿ, ಕ್ಷಮೆ ಮಾತ್ರ ಕಿವಿಯಲ್ಲಿ ಹೇಳಿದರೆ ಲೆಕ್ಕ ಸರಿಹೋಗುವುದಿಲ್ಲ. ಅದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಸರಿನ ಫೋಟೋ ಹಾಕಿ, ತಪ್ಪು ನನ್ನದೇ ಎಂದು ಬರೆದೆ. ಬಿಡಿಸಿದ್ದ ಇಬ್ಬರಲ್ಲಿ ಒಬ್ಬರು ಅವನನ್ನು ಮತ್ತೆ ಕರೆದರು. ಇನ್ನೊಬ್ಬರು ಅಷ್ಟರಲ್ಲಿ ಬೇರೆಯವರನ್ನು ಇಟ್ಟುಕೊಂಡಿದ್ದರು. ಅದನ್ನು ಸರಿಪಡಿಸಲು ನನ್ನಿಂದ ಆಗಲಿಲ್ಲ. ಆ ಗುಂಪಿನಲ್ಲಿ ಸನ್‌ರೂಫ್ ಇರುವ ನಾಲ್ವರು ಆ ವಾರವೇ ತಮ್ಮ ಕಾರಿಗೆ ನೀರು ಬಿಟ್ಟು ನೋಡಿದರು. ಇಬ್ಬರ ಪೈಪು ಕಟ್ಟಿತ್ತು.

ಈಗ ನಮ್ಮ ಕ್ಯಾಲೆಂಡರಿನಲ್ಲಿ ಎರಡು ದಿನ ಗುರುತು ಮಾಡಿದ್ದೇನೆ: ಮೇ ಕೊನೆಯ ಭಾನುವಾರ, ಗುಲ್‌ಮೊಹರ್ ಉದುರಿ ಮಳೆ ಶುರುವಾಗುವ ಮೊದಲು ಒಂದು, ಚೌತಿಯ ಪ್ರಯಾಣಕ್ಕೆ ಮುಂಚೆ ಇನ್ನೊಂದು. ಕಾಲುವೆ ಒರೆಸಿ, ನಾಲ್ಕು ಮೂಲೆಗೂ ಅರ್ಧರ್ಧ ಲೀಟರ್ ನೀರು. ಚೆನ್ನೈಯವರಿಗೆ ಜೋರು ಮಳೆ ಅಕ್ಟೋಬರ್‌ನಿಂದ, ಅವರು ಸೆಪ್ಟೆಂಬರ್‌ನಲ್ಲಿ ಮಾಡಿಕೊಳ್ಳಲಿ. ಮುಂಬಯಿ, ಹೈದರಾಬಾದ್, ದೆಹಲಿಯವರು ಮೇ ತಿಂಗಳಲ್ಲೇ ಮುಗಿಸಿಬಿಡಿ. ಹತ್ತು ನಿಮಿಷದ ಕೆಲಸ.

ಈ ವರ್ಷ ಮೇ ಭಾನುವಾರ ಆ ಹುಡುಗನೇ ಮೇಲಿಂದ ನೀರು ಬಿಟ್ಟ, ನಾನು ಕೆಳಗೆ ಮೊಣಕಾಲೂರಿ ನೋಡುತ್ತಿದ್ದೆ. "ಬಂತೇನ್ರೀ ಸರ?" ಅಂದ.

"ಬಂತು," ಅಂದೆ.